ಗಾಳಿ ಕೇಳಿ ಗಾಡಿ ಹತ್ತಿ: ಪಾಂಬನ್ ಮೀನುಗಾರರ ಊರಿಗೆ ಹೋಗುವವರಿಗೆ

ಸೂಳಗಿರಿ, ಬೇರಿಕೆ, ಹೊಸೂರು ಕಡೆ ರಾಮೇಶ್ವರಕ್ಕೆ ಹೋಗಿ ಬರದ ಮನೆ ಕಡಿಮೆ. ವ್ಯಾನು ಮಾಡಿಕೊಂಡು ಹೋಗುವುದು, ಅಗ್ನಿತೀರ್ಥದಲ್ಲಿ ಮುಳುಗಿ ಗುಡಿಯೊಳಗಿನ 22 ತೀರ್ಥಗಳ ನೀರು ಹುಯ್ಯಿಸಿಕೊಳ್ಳುವುದು, ಧನುಷ್ಕೋಡಿಯಲ್ಲಿ ಫೋಟೊ ತೆಗೆಸಿಕೊಂಡು ರಾತ್ರೋರಾತ್ರಿ ಹಿಂದಿರುಗುವುದು. ಈಚೆಗೆ ಇದಕ್ಕೆ ಇನ್ನೊಂದು ಆಸೆ ಸೇರಿಕೊಂಡಿದೆ. ಪಾಂಬನ್ ಸೇತುವೆ ಕೆಳಗೆ ಕಾಣುತ್ತದಲ್ಲ, ಆ ಬಣ್ಣಬಣ್ಣದ ದೋಣಿಗಳ ಊರು, ಅಲ್ಲಿ ಇಳಿದು ಮಕ್ಕಳಿಗೆ ಮೀನುಗಾರರ ಬದುಕು ತೋರಿಸಬೇಕು. ಗಾಜಿನ ತಳದ ದೋಣಿಯಲ್ಲಿ ಹವಳ ನೋಡಬೇಕು.

ಹಾಗೆ ಹೋದವರು ಬಂದು ಹೇಳುವುದು ಬಹುಮಟ್ಟಿಗೆ ಒಂದೇ ಮಾತು. "ದೋಣಿಯೆಲ್ಲ ಕಟ್ಟಿಹಾಕಿದ್ದರು, ದಡದಲ್ಲಿ ಮೀನಿಲ್ಲ, ದ್ವೀಪಕ್ಕೆ ಇವತ್ತು ಬಿಡೋದಿಲ್ಲ ಅಂದುಬಿಟ್ಟರು." ಯಾವಾಗ ಹೋಗಿದ್ದಿರಿ ಎಂದು ಕೇಳಿ ನೋಡಿ. ಮೇ ತಿಂಗಳು, ಶಾಲೆ ರಜೆಯಲ್ಲಿ. ಊರು ತಲುಪಿದ್ದು ಮಧ್ಯಾಹ್ನ 12 ಗಂಟೆಗೆ. ಅವರ ನಸೀಬು ಕೆಟ್ಟಿದ್ದಲ್ಲ. ಗುಡಿಗೆ ಬಾಗಿಲು ಹಾಕುವ ಹೊತ್ತು ಇರುವಂತೆ ಕಡಲಿಗೂ ಇದೆ, ಅದನ್ನು ಕೇಳಿಕೊಳ್ಳದೆ ಹೊರಟಿದ್ದರು, ಅಷ್ಟೆ. ಲಾಡ್ಜು, ಗಾಡಿ, ಊಟ ಎಲ್ಲವನ್ನೂ ಮುಂಚೆ ಗೊತ್ತುಮಾಡುವ ನಾವು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮಾತ್ರ ವಿಚಾರಿಸುವುದಿಲ್ಲ. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ.

ಇರುವುದು ಎಲ್ಲಿ, ಏನು

ರಾಮೇಶ್ವರದಿಂದ ತೂತ್ತುಕುಡಿಯವರೆಗೆ ದಡಕ್ಕೆ ಸಮೀಪದಲ್ಲೇ 21 ಪುಟ್ಟ ದ್ವೀಪಗಳ ಸಾಲಿದೆ. ಸುತ್ತ ಹವಳದ ದಿಬ್ಬ, ಕಡಲಹುಲ್ಲು, ಕೆಲವು ಕಡೆ ಕಾಂಡ್ಲಾ. ತಮಿಳುನಾಡು ಸರ್ಕಾರ 1986ರಲ್ಲಿ ಇದನ್ನು ಮನ್ನಾರ್ ಕೊಲ್ಲಿ ಕಡಲ ರಾಷ್ಟ್ರೀಯ ಉದ್ಯಾನವೆಂದು ಸಾರಿತು. ವಿಸ್ತೀರ್ಣ 560 ಚ.ಕಿ.ಮೀ. 1989ರಲ್ಲಿ ಸುತ್ತಲಿನ 10,500 ಚ.ಕಿ.ಮೀ. ಜೀವಗೋಳ ಮೀಸಲು ಆಯಿತು. ಸುಣ್ಣ ಸುಡಲೆಂದು ಹವಳವನ್ನು ಗಾಡಿಗಟ್ಟಲೆ ಅಗೆದು ಸಾಗಿಸಿದ ಕಾಲವೊಂದಿತ್ತು. ಅಲೆಯನ್ನು ತಡೆಯುತ್ತಿದ್ದ ದಿಬ್ಬವೇ ಹೋದ ಮೇಲೆ ಪೂವರಸನ್‌ಪಟ್ಟಿ, ವಿಲಾಂಗುಚಲ್ಲಿ ಎಂಬ ಎರಡು ದ್ವೀಪಗಳು ನೀರಿನ ಕೆಳಗೆ ಸರಿದವು. ಉಳಿದವುಗಳ ಮೇಲೆ ಕಾಲಿಡಲು ಇಷ್ಟೊಂದು ಕಟ್ಟುಪಾಡು ಯಾಕೆ ಎನ್ನುವವರು ಈ ಎರಡು ಹೆಸರು ನೆನಪಿಟ್ಟುಕೊಂಡರೆ ಸಾಕು.

ಈ ಸಾಲಿನ ಪೂರ್ವದ ತುದಿಯಲ್ಲಿರುವುದು ಪಾಂಬನ್. ಅದರ ದಕ್ಷಿಣದ ಅಂಚಿನಲ್ಲಿ ಕುಂದುಕಾಲ್ ಮತ್ತು ಚಿನ್ನಪಾಲಂ. ಚಿಕಾಗೋದಿಂದ ಹಿಂದಿರುಗಿದ ವಿವೇಕಾನಂದರು 1897ರ ಜನವರಿ 26ರಂದು ಬಂದಿಳಿದದ್ದು ಈ ಕುಂದುಕಾಲ್‌ನಲ್ಲೇ, ಅಲ್ಲೊಂದು ಸ್ಮಾರಕವಿದೆ. ಬಸ್ಸುಗಳು ಸ್ಮಾರಕದ ಮುಂದೆ ನಿಂತು ಹಾಗೇ ತಿರುಗಿಕೊಳ್ಳುತ್ತವೆ. ನಿಮ್ಮ ಊರು ಶುರುವಾಗುವುದು ಅಲ್ಲಿಂದ ಮುಂದೆ.

ಎರಡು ಕಡಲು, ಎರಡು ಗಾಳಿ

ಪಾಂಬನ್ ದ್ವೀಪ ಉದ್ದಕ್ಕೆ ಮಲಗಿದೆ. ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಅಲ್ಲಿಯವರು ಒಂದನ್ನು ವಡಕಡಲ್, ಇನ್ನೊಂದನ್ನು ತೆನ್‌ಕಡಲ್ ಎನ್ನುತ್ತಾರೆ. ನಕ್ಷೆಯಲ್ಲಿ ಒಂದೇ ನೀಲಿಯಾಗಿ ಕಂಡರೂ ಇವೆರಡರ ಸ್ವಭಾವ ಬೇರೆ. ಪಾಕ್ ಕೊಲ್ಲಿ ಆಳವಿಲ್ಲದ, ಹೆಚ್ಚುಕಡಿಮೆ ಮುಚ್ಚಿಕೊಂಡ ನೀರು. ಮನ್ನಾರ್ ಕೊಲ್ಲಿ ತೆಂಕಣ ದಿಕ್ಕಿಗೆ ಹಿಂದೂ ಮಹಾಸಾಗರಕ್ಕೆ ತೆರೆದುಕೊಂಡಿದೆ.

ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಗಾಳಿ, ಅವರ ಬಾಯಲ್ಲಿ ಕಚ್ಚಾನ್, ದಕ್ಷಿಣದ ಕಡಲನ್ನು ಕಲಕಿ ಇಡುತ್ತದೆ. ಹವಳ ಇರುವುದು ಆ ಕಡೆ. ಆಗ ನೀರು ಮಣ್ಣಾಗಿರುತ್ತದೆ, ಗಾಜಿನ ತಳದ ದೋಣಿ ಬಿಟ್ಟರೂ ಕೆಳಗೆ ಏನೂ ಕಾಣುವುದಿಲ್ಲ. ಅದೇ ಹೊತ್ತಿಗೆ ಉತ್ತರದ ಕಡಲು ತಟ್ಟೆಯಂತೆ ಮಲಗಿರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯದ ವಾಡೈ ಬೀಸಿದರೆ ಲೆಕ್ಕ ತಿರುಗುಮುರುಗು: ಉತ್ತರ ಒರಟು, ದಕ್ಷಿಣ ಸ್ವಲ್ಪ ಮೆದು. ಆದರೆ ಅದು ಚಂಡಮಾರುತದ ಕಾಲವೂ ಹೌದು. ಧನುಷ್ಕೋಡಿಯನ್ನು ಅಳಿಸಿಹಾಕಿದ ಬಿರುಗಾಳಿ ಬಂದದ್ದು 1964ರ ಡಿಸೆಂಬರ್ 22ರ ರಾತ್ರಿ. ಗಾಳಿ ಬದಲಾದಾಗ ಪಾಂಬನ್‌ನವರು ದೋಣಿಗಳನ್ನೇ ಒಂದು ಕಡಲಿಂದ ಇನ್ನೊಂದಕ್ಕೆ ಸಾಗಿಸುತ್ತಾರೆ. ನಿಮ್ಮ ವ್ಯಾನಿನ ಡ್ರೈವರ್‌ಗೆ ಇದು ಗೊತ್ತಿರುವುದಿಲ್ಲ. ಅವನು ಹೋದ ಸಲ ನಿಲ್ಲಿಸಿದ ಕಡೆಯೇ ಈ ಸಲವೂ ನಿಲ್ಲಿಸುತ್ತಾನೆ.

ಉಳಿಯುವುದು ಜನವರಿಯಿಂದ ಏಪ್ರಿಲ್ ಮೊದಲ ವಾರದವರೆಗಿನ ಸಂದು. ಗಾಳಿ ಇಳಿದಿರುತ್ತದೆ, ನೀರು ತಿಳಿಯಾಗಿರುತ್ತದೆ, ಧನುಷ್ಕೋಡಿಯ ಹಿನ್ನೀರಿಗೆ ರಾಜಹಂಸಗಳು ಬರುವುದೂ, ಕಡಲಾಮೆಗಳು ದಡಕ್ಕೆ ಹತ್ತಿ ಮೊಟ್ಟೆಯಿಡುವುದೂ ಈ ಕಾಲದಲ್ಲೇ. ಏಪ್ರಿಲ್ ಮುಗಿಯುತ್ತಾ ನೀರು ಕಾದು ಹವಳ ಬಿಳಿಚಿಕೊಳ್ಳುವ ಅಪಾಯ ಶುರುವಾಗುತ್ತದೆ. ಶಾಲೆ ರಜೆ ಸಿಗುವುದೇ ಮೇ ತಿಂಗಳಲ್ಲಿ ಎನ್ನುವುದು ನಿಜವಾದ ಕಷ್ಟ. ಪೊಂಗಲ್ ರಜೆಗೆ ಎರಡು ದಿನ ಸೇರಿಸಿಕೊಳ್ಳುವುದು ಅದಕ್ಕಿಂತ ಎಷ್ಟೋ ಮೇಲು.

ಯಂತ್ರದೋಣಿಯ ವಾರ

ಗಾಳಿಯ ಮೇಲೆ ಮನುಷ್ಯರು ಮಾಡಿಕೊಂಡ ಕಟ್ಟಳೆ ಇನ್ನೊಂದಿದೆ. ಪೂರ್ವ ಕರಾವಳಿಯಲ್ಲಿ ಪ್ರತಿ ವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಟ್ರಾಲರ್‌ಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿಮಾಡುವ ಕಾಲ ಅದು. ನಾಟಿ ದೋಣಿಗಳಿಗೆ ಈ ತಡೆಯಿಲ್ಲ; ಹಾಗಾಗಿ ಮೇ ತಿಂಗಳಲ್ಲಿ ಊರು ಪೂರ್ತಿ ಸತ್ತಿರುವುದಿಲ್ಲ, ಆದರೆ ಬಂದರು ದೋಣಿಗಳ ಗ್ಯಾರೇಜಿನಂತಾಗಿರುತ್ತದೆ.

ತಡೆ ಇಲ್ಲದ ತಿಂಗಳುಗಳಲ್ಲೂ ದಿನಾ ಹೋಗುವುದಿಲ್ಲ. ದೊಡ್ಡ ದೋಣಿಯವರೂ ಸಣ್ಣ ದೋಣಿಯವರೂ ಒಬ್ಬರ ಬಲೆ ಇನ್ನೊಬ್ಬರು ಹರಿದು ಜಗಳವಾಗಬಾರದೆಂದು ರಾಮೇಶ್ವರ, ಮಂಡಪಂ ಕಡೆ ವಾರವನ್ನೇ ಹಂಚಿಕೊಂಡಿದ್ದಾರೆ. ಟ್ರಾಲರ್‌ಗಳಿಗೆ ಸೋಮವಾರ, ಬುಧವಾರ, ಶನಿವಾರ. ಉಳಿದ ನಾಲ್ಕು ದಿನ ನಾಟಿ ದೋಣಿಗಳದು. ಹೋದ ಟ್ರಾಲರ್ ಹಿಂದಿರುಗುವುದು ಮಾರನೆಯ ಬೆಳಿಗ್ಗೆ. ಅಂದರೆ ಬಂದರು ತುಂಬಿ ತುಳುಕುವುದು ಮಂಗಳವಾರ, ಗುರುವಾರ, ಭಾನುವಾರದ ಮುಂಜಾವು. ನಮ್ಮಂಥ ವಾರಾಂತ್ಯದ ಪ್ರವಾಸಿಗರಿಗೆ ಭಾನುವಾರ ಈ ಪಟ್ಟಿಯಲ್ಲಿರುವುದು ಪುಣ್ಯ.

ಇದರ ಮೇಲೆ ಮುಷ್ಕರ. ಪಾಕ್ ಕೊಲ್ಲಿಯಲ್ಲಿ ಗಡಿ ದಾಟಿದರೆಂದು ಶ್ರೀಲಂಕಾ ನೌಕಾಪಡೆ ಇಲ್ಲಿಯವರನ್ನು ದೋಣಿ ಸಮೇತ ಹಿಡಿದುಕೊಂಡು ಹೋಗುವುದು ಆಗಾಗ ನಡೆಯುತ್ತದೆ. ಆಗ ಇಡೀ ರಾಮೇಶ್ವರದ ದೋಣಿಗಳು ವಾರಗಟ್ಟಲೆ ನಿಂತುಬಿಡುತ್ತವೆ. ಹೊರಡುವ ಮೂರು ದಿನ ಮೊದಲಿಂದ ತಮಿಳು ಪತ್ರಿಕೆಯ ರಾಮನಾಥಪುರಂ ಜಿಲ್ಲಾ ಸುದ್ದಿ ನೋಡಿ. ನಮ್ಮ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು ಎಂದು ಬೆಳೆದವರಿಗೆ ಇದೊಂದು ಅನುಕೂಲ. ಬೆಂಗಳೂರಿನ ಪ್ರವಾಸಿಗನಿಗೆ ಈ ಸುದ್ದಿ ಮುಟ್ಟುವುದೇ ಇಲ್ಲ.

ಹೋಗುವ ಕ್ರಮ

1. ಮೊದಲು ಹವಾಮಾನ. ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯಲ್ಲಿ ಕಡಲುಗಳ ಹೆಸರು ಬಿಡಿಸಿ ಹೇಳಿರುತ್ತಾರೆ. "ಮನ್ನಾರ್ ಕೊಲ್ಲಿ, ಕುಮರಿ ಕಡಲು" ಎಂದಿದ್ದರೆ ನಿಮ್ಮ ದ್ವೀಪದ ದೋಣಿ ನಿಂತಿತೆಂದೇ ಲೆಕ್ಕ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆಯನ್ನು ಉಚಿತವಾಗಿ ಕೊಡುತ್ತದೆ. ಪಾಂಬನ್ ತಲುಪಿದ ಮೇಲೆ ಮೊಬೈಲಿನ ರೇಡಿಯೊದಲ್ಲಿ 90.4 ಹಾಕಿ. 2016ರಲ್ಲಿ ಶುರುವಾದ ಕಡಲ್ ಓಸೈ, ಮೀನುಗಾರರಿಗೆಂದೇ ಇರುವ ಸಮುದಾಯ ಬಾನುಲಿ. ಗಾಳಿ, ಅಲೆ, ನೀರೋಟ ಎಲ್ಲವನ್ನೂ ಊರಿನ ತಮಿಳಿನಲ್ಲಿ ಹೇಳುತ್ತಾರೆ. ಬಂದರಿನಲ್ಲಿ ಬಿರುಗಾಳಿಯ ಸಂಕೇತ ಏರಿಸಿದ್ದಾರೆಯೇ ಎಂದೂ ಕೇಳಿ. 1, 2 ಎಂದರೆ ಗಾಳಿ ದೂರದಲ್ಲಿದೆ. 3ರಿಂದ ಮೇಲೆ ಬಂದರಿಗೇ ಸಂಬಂಧಪಟ್ಟದ್ದು, ಪ್ರವಾಸ ಮುಂದೂಡಿ.

2. ಶುಕ್ರವಾರ ರಾತ್ರಿ ಹೊರಡಿ. ಸೂಳಗಿರಿಯಿಂದ ರಸ್ತೆ ಸರಳ. ನಮ್ಮ ಊರ ಮುಂದಿನ 44ನೇ ಹೆದ್ದಾರಿಯನ್ನೇ ಹಿಡಿದು ಕೃಷ್ಣಗಿರಿ, ಧರ್ಮಪುರಿ, ಸೇಲಂ, ಕರೂರು, ದಿಂಡಿಗಲ್ ದಾಟಿ ಮದುರೆ. ಅಲ್ಲಿಂದ ಪರಮಕ್ಕುಡಿ, ರಾಮನಾಥಪುರಂ, ಮಂಡಪಂ. ಒಟ್ಟು 500 ಕಿ.ಮೀ.ಗೆ ಸ್ವಲ್ಪ ಮೇಲೆ. ರಾತ್ರಿ 8ಕ್ಕೆ ಬಿಟ್ಟರೆ ಬೆಳಗಾಗುವ ಹೊತ್ತಿಗೆ ರಾಮನಾಥಪುರಂ ದಾಟಿರುತ್ತೀರಿ. ರೈಲೇ ಬೇಕೆಂದರೆ ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ಸನ್ನು ಹೊಸೂರಿನಲ್ಲಿ ಹತ್ತಿ ಮದುರೆಯಲ್ಲಿ ಇಳಿದು, ಅಲ್ಲಿಂದ ರಾಮೇಶ್ವರದ ರೈಲೋ ಬಸ್ಸೋ ಹಿಡಿಯಬಹುದು. ಹಳೆಯ ಸೇತುವೆಯ ಮೇಲೆ ರೈಲು ನಿಂತದ್ದು 2022ರ ಡಿಸೆಂಬರ್‌ನಲ್ಲಿ. ಹೊಸದು 2025ರ ಏಪ್ರಿಲ್ 6ರಂದು ತೆರೆಯಿತು. ಅದರ ನಡುವಿನ ತುಂಡು ಲಿಫ್ಟಿನಂತೆ ನೇರ ಮೇಲಕ್ಕೆದ್ದು ಹಡಗಿಗೆ ದಾರಿ ಬಿಡುತ್ತದೆ. ಪಕ್ಕದ ರಸ್ತೆ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಇದನ್ನು ನೋಡುವುದು ಎಲ್ಲರಿಗೂ ಚಟ. ನಿಲ್ಲಿಸಬೇಡಿ. ಹಿಂದೆ ಬರುವ ಬಸ್ಸು ನಿಲ್ಲುವುದಿಲ್ಲ. ಸೇತುವೆ ಇಳಿದು ಪಾಂಬನ್ ದಡಕ್ಕೆ ಬಂದರೆ ಕೆಳಗಿನಿಂದ ಇನ್ನೂ ಚೆನ್ನಾಗಿ ಕಾಣುತ್ತದೆ.

3. ಶನಿವಾರ ಬೆಳಿಗ್ಗೆ ದ್ವೀಪ. ಅರಣ್ಯ ಇಲಾಖೆಯವರು ಕುಂದುಕಾಲ್ ಜೆಟ್ಟಿಯಿಂದ ಕುರುಸಡೈ ದ್ವೀಪಕ್ಕೆ ದೋಣಿ ಬಿಡುತ್ತಾರೆ. ಪ್ರವಾಸಿಗರು ಕಾಲಿಡಬಹುದಾದ ದಾರಿ ಇದು. ಕಡಲಜೀವಿಗಳ ಅಧ್ಯಯನ ಮಾಡುವವರಿಗೆ ಕುರುಸಡೈ ನೂರು ವರ್ಷಕ್ಕೂ ಹಿಂದಿನಿಂದ ಪಾಠಶಾಲೆ. ಬೇರೆಡೆ ಪುಸ್ತಕದಲ್ಲಿ ಮಾತ್ರ ನೋಡುವ ಜೀವಿಗಳು ಇಲ್ಲಿ ಮೊಣಕಾಲುದ್ದದ ನೀರಿನಲ್ಲಿವೆ. 9ರಿಂದ 11ರ ನಡುವಿನ ಹೊತ್ತು ಒಳ್ಳೆಯದು. ಬಿಸಿಲು ಮೇಲಿನಿಂದ ಬೀಳುವುದರಿಂದ ತಳ ಕಾಣುತ್ತದೆ, ಮಧ್ಯಾಹ್ನದ ಕಡಲಗಾಳಿ ಇನ್ನೂ ಎದ್ದಿರುವುದಿಲ್ಲ. ದೋಣಿ ಬಿಡುತ್ತಾರೋ ಇಲ್ಲವೋ ಎಂದು ಹಿಂದಿನ ದಿನವೇ ಫೋನು ಮಾಡಿ ಕೇಳಿ. ಉದ್ಯಾನದ ಕಚೇರಿ ರಾಮನಾಥಪುರದಲ್ಲಿದೆ. ಕಡಲಹಸುವನ್ನು ತೋರಿಸುತ್ತೇನೆ ಎನ್ನುವವರನ್ನು ನಂಬಬೇಡಿ. ಜೀವಮಾನವೆಲ್ಲ ಕಡಲಲ್ಲಿ ಕಳೆದ ಮೀನುಗಾರರಿಗೂ ಅದು ಕಾಣುವುದು ಅಪರೂಪ.

4. ಮಧ್ಯಾಹ್ನ ಮಲಗಿ. ಊರೇ ಮಲಗಿರುತ್ತದೆ. ಹೊತ್ತು ಕಳೆಯಲೇಬೇಕಿದ್ದರೆ ಮಂಡಪಂ ಕ್ಯಾಂಪಿನ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಕ್ವೇರಿಯಂ ಇದೆ. ಈಗ ಕೊಚ್ಚಿಯಲ್ಲಿರುವ ಆ ಸಂಸ್ಥೆಯ ಕೇಂದ್ರ ಕಚೇರಿ 1949ರಿಂದ 1971ರವರೆಗೆ ಮಂಡಪಂನಲ್ಲೇ ಇತ್ತು.

5. ಸಂಜೆ 4ಕ್ಕೆ ಚಿನ್ನಪಾಲಂ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಈ ಊರಿನಲ್ಲಿ ಟಿಕೆಟ್ಟೂ ಇಲ್ಲ, ಗೈಡೂ ಇಲ್ಲ, ನೋಡುವ ಜಾಗ ಎಂದು ಬೋರ್ಡೂ ಇಲ್ಲ. ಬಲೆ ಹೊಲಿಯುವ ಹೊತ್ತು ಅದು. ಗಂಡಸರು ಬಲೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದು, ಕೈಯಲ್ಲಿನ ಕಡ್ಡಿಯಿಂದ ಹರಿದ ಕಣ್ಣುಗಳನ್ನು ಕಟ್ಟುತ್ತಾ ಹೋಗುತ್ತಾರೆ. ಮಾತಾಡಿಸಿದರೆ ಕೈ ನಿಲ್ಲುವುದಿಲ್ಲ, ಬಾಯಿ ಮಾತ್ರ ಉತ್ತರಿಸುತ್ತದೆ. ಅದಕ್ಕೇ ಇದು ಮಾತಿಗೆ ಒಳ್ಳೆಯ ಹೊತ್ತು. ಬೆಳಿಗ್ಗೆ ಮೀನು ಇಳಿಯುವಾಗ ಯಾರಿಗೂ ಪುರುಸೊತ್ತು ಇರುವುದಿಲ್ಲ. ಗಂಡಸರನ್ನು ಅಣ್ಣೇ ಎಂದೋ, ಹಿರಿಯರಾದರೆ ಅಯ್ಯಾ ಎಂದೋ, ಹೆಂಗಸರನ್ನು ಅಕ್ಕಾ ಎಂದೋ ಮಾತಾಡಿಸಿ. ಯಾವ ಊರು ಎಂದು ಕೇಳಿಯೇ ಕೇಳುತ್ತಾರೆ. ಹೊಸೂರು ಪಕ್ಕ ಎಂದು ಹೇಳಿ. ಸೂಳಗಿರಿ ಎಂದರೆ ಗೊತ್ತಾಗುವುದು ಕೊತ್ತಂಬರಿ ಸೊಪ್ಪು ಮಾರುವವರಿಗೆ ಮಾತ್ರ.

ಈ ಊರಿನ ಹೆಂಗಸರ ಕಸುಬು ಕಡಲಪಾಚಿ ಕೀಳುವುದು. ಸೀರೆಯ ಮೇಲೆ ಗಂಡಸರ ಅಂಗಿ, ಬೆರಳುಗಳಿಗೆ ಸುತ್ತಿದ ಬಟ್ಟೆಯ ಚೂರು, ಕಣ್ಣಿಗೆ ಕನ್ನಡಕ, ಸೊಂಟಕ್ಕೆ ಬಲೆಯ ಚೀಲ. ಉಸಿರು ಕಟ್ಟಿ ಮುಳುಗಿ ಬಂಡೆಯ ಸಂದಿನಿಂದ ಪಾಚಿ ಕಿತ್ತು ಮೇಲೆ ಬರುತ್ತಾರೆ. ಬೆರಳಿನ ಬಟ್ಟೆ ಇದ್ದರೂ ಬಂಡೆ ಕೊಯ್ಯುತ್ತದೆ. ಅವರ ಕೈ ನೋಡಿದರೆ ಗೊತ್ತಾಗುತ್ತದೆ. ಒಣಗಿದ ಈ ಪಾಚಿ ಅಗರ್ ಮಾಡುವ ಕಾರ್ಖಾನೆಗೆ ಹೋಗಿ, ನೀವು ತಿನ್ನುವ ಜೆಲ್ಲಿಯಾಗಿಯೋ ಐಸ್‌ಕ್ರೀಮಿನೊಳಗೋ ಬರುತ್ತದೆ. ಕಡಲು ಬರಿದಾಗದಂತೆ ಕೀಳುವ ದಿನಗಳಿಗೆ ತಾವೇ ಮಿತಿ ಹಾಕಿಕೊಂಡು ಹೆಂಗಸರನ್ನು ಸಂಘಟಿಸಿದ ಚಿನ್ನಪಾಲಂನ ಲಕ್ಷ್ಮಿ ಮೂರ್ತಿಯವರಿಗೆ 2015ರಲ್ಲಿ ಅಮೆರಿಕದ ಸೀಕಾಲಜಿ ಸಂಸ್ಥೆಯ ಪ್ರಶಸ್ತಿ ಬಂತು.

ಇನ್ನು ಮುಖ್ಯವಾದ ಮಾತು. ದ್ವೀಪಗಳ ಸುತ್ತ ಪಾಚಿ ಕೀಳುವುದು ಉದ್ಯಾನದ ಕಾನೂನಿಗೆ ಒಪ್ಪದ ಕೆಲಸ. ದ್ವೀಪಗಳು ಉದ್ಯಾನವಾಗುವ ಮೊದಲಿಂದ ಅಲ್ಲಿ ಮುಳುಗುತ್ತಿದ್ದವರು ಇವರು, ಉದ್ಯಾನವಾದ ಮೇಲೆ ತಪ್ಪಿತಸ್ಥರಾದರು. ಹಾಗಾಗಿ ಪಾಚಿ ಹೊತ್ತು ಬರುವವರ ಮುಖ ಕಾಣುವಂತೆ ಫೋಟೊ ತೆಗೆದು ಎಲ್ಲರೂ ನೋಡುವ ಕಡೆ ಹಾಕುವುದು ಬರೀ ಸಂಕೋಚದ ಪ್ರಶ್ನೆಯಲ್ಲ. ನಿಮ್ಮ ಮೊಬೈಲಿನ ಚಿತ್ರ ಅವರ ಮೇಲಿನ ಸಾಕ್ಷಿಯಾಗಬಹುದು. ಕೇಳಿ ತೆಗೆಯಿರಿ, ಬೇಡ ಎಂದರೆ ಮೊಬೈಲು ಜೇಬಿಗಿಡಿ.

6. ಭಾನುವಾರ ಮುಂಜಾನೆ 5:30ಕ್ಕೆ ರಾಮೇಶ್ವರದ ಮೀನು ಬಂದರು. ಗುಡಿಯಿಂದ ನಡೆದು ಹೋಗುವಷ್ಟು ದೂರ. ನಮ್ಮ ಕೊತ್ತಂಬರಿ ಮಂಡಿ ಹೇಗೆ ಹೊತ್ತು ಮೂಡುವ ಮುಂಚೆ ಕಾವು ಏರಿ 8ರ ಹೊತ್ತಿಗೆ ತಣ್ಣಗಾಗುತ್ತದೋ ಇದೂ ಹಾಗೇ. ಬುಟ್ಟಿಯಿಂದ ನೆಲಕ್ಕೆ ಸುರಿದ ಮೀನಿನ ಗುಡ್ಡೆಯ ಸುತ್ತ ವ್ಯಾಪಾರಿಗಳು ನಿಲ್ಲುತ್ತಾರೆ, ಹರಾಜು ಕೂಗುವವನ ಬಾಯಿಂದ ಅಂಕಿಗಳು ಒಂದಕ್ಕೊಂದು ಅಂಟಿಕೊಂಡು ಉದುರುತ್ತವೆ, ಯಾರೋ ಗಲ್ಲ ಅಲ್ಲಾಡಿಸುತ್ತಾರೆ, ಗುಡ್ಡೆ ಮಾರಿಹೋಯಿತು. ಕೊಂಡವರು ಯಾರು ಎಂದು ನಿಮಗೆ ಗೊತ್ತಾಗುವುದರೊಳಗೆ ಐಸು ಬಿದ್ದಿರುತ್ತದೆ. ಏಡಿ, ಸಿಗಡಿ, ಬೊಂಡಾಸು ಬೇರೆಬೇರೆ ಆಗುತ್ತವೆ. ಬೆಳ್ಳಿ ತಗಡಿನಂತೆ ಹೊಳೆಯುವ ಚಪ್ಪಟೆ ಪುಟ್ಟ ಮೀನಿನ ರಾಶಿ ಕಂಡರೆ ಅದು ಕಾರಲ್; ಅದರಲ್ಲಿ ಬಹುಪಾಲು ಒಣಮೀನಾಗುತ್ತದೆ. ಬೂಟು ಬೇಡ, ಹಿಡಿತವಿರುವ ರಬ್ಬರ್ ಚಪ್ಪಲಿ ಹಾಕಿ. ನೆಲ ಮೀನಿನ ನೀರಿನಿಂದ ಜಾರುತ್ತದೆ. ಗೋಡೆ ಪಕ್ಕ ನಿಂತು ನೋಡಿ. ತಲೆಯ ಮೇಲೆ ಬುಟ್ಟಿ ಹೊತ್ತು ಓಡುವವರು ನಿಮಗಾಗಿ ದಾರಿ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ.

7. ನಂತರ ಧನುಷ್ಕೋಡಿ. ಮುಕುಂದರಾಯರ್ ಛತ್ರದಿಂದ ಅರಿಚಲ್‌ಮುನೈವರೆಗೆ 9.5 ಕಿ.ಮೀ. ಟಾರು ರಸ್ತೆ 2017ರಿಂದ ಇದೆ. ಎಲ್ಲರೂ ತುದಿಗೆ ಓಡುತ್ತಾರೆ. ನೀವು ಪಾಳು ಚರ್ಚಿನ ಹತ್ತಿರ ಇಳಿಯಿರಿ. ಅಲ್ಲಿ ಗುಡಿಸಲು ಕಟ್ಟಿಕೊಂಡು ಉಳಿದಿರುವ ಮೀನುಗಾರರು ಮರಳಿನಲ್ಲಿ ಕೈಯಿಂದ ಗುಂಡಿ ತೋಡಿ ಕುಡಿಯುವ ನೀರು ತೆಗೆಯುತ್ತಾರೆ, ಎರಡು ಕಡೆ ಕಡಲಿದ್ದೂ ನೀರು ಸಿಹಿ. ಮರಳಿಗೆ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರ. ಅದರ ಮೇಲೆ ತೇಲುತ್ತಾ ನಿಂತಿರುತ್ತದೆ. ಅದಕ್ಕೇ ಗುಂಡಿ ಆಳವಾಗಬಾರದು. ಇನ್ನೊಂದು ಮೊಳ ತೋಡಿದರೆ ಉಪ್ಪು ಬರುತ್ತದೆ. ಸಾವಿರ ಅಡಿ ಬೋರ್‌ವೆಲ್ ಕೊರೆಸುವ ನಮ್ಮ ಕಡೆಯವರು ನಿಂತು ನೋಡಬೇಕಾದದ್ದು. ಹಿನ್ನೀರಿನ ರಾಜಹಂಸಗಳಿಗಾಗಿ ಈ ಪ್ರದೇಶವನ್ನು 2025ರ ಜೂನ್‌ನಲ್ಲಿ ಪಕ್ಷಿಧಾಮ ಮಾಡಿದ್ದಾರೆ. ಸಂಜೆ ಆ ರಸ್ತೆಗೆ ಗಾಡಿ ಬಿಡುವುದಿಲ್ಲವಾದ್ದರಿಂದ ಮಧ್ಯಾಹ್ನದೊಳಗೇ ಮುಗಿಸಿ.

ಇನ್ನೊಂದು ದಿನ ಕೈಯಲ್ಲಿದ್ದರೆ ಮರಳುವಾಗ ದೇವಿಪಟ್ಟಿನಂ ದಾಟಿ ತೊಂಡಿ ರಸ್ತೆಯಲ್ಲಿ ಕಾರಂಗಾಡು ಎಂಬ ಊರಿದೆ. ಅರಣ್ಯ ಇಲಾಖೆಯೊಂದಿಗೆ ಊರಿನವರೇ ಸೇರಿ ಕಾಂಡ್ಲಾ ಕಾಡಿನೊಳಗೆ ದೋಣಿ ಬಿಡುತ್ತಾರೆ, ಊರ ಹೆಂಗಸರು ಮೀನೂಟ ಮಾಡಿ ಬಡಿಸುತ್ತಾರೆ. ಅದು ಪಾಕ್ ಕೊಲ್ಲಿಯ ಕಡೆ. ಆದ್ದರಿಂದ ಜೂನ್–ಆಗಸ್ಟ್‌ನಲ್ಲೇ ಹೋಗಬೇಕಾಗಿ ಬಂದವರಿಗೆ ನಾನು ಪಾಂಬನ್ ಬಿಟ್ಟು ಇದನ್ನೇ ಹೇಳುವುದು.

ಎಚ್ಚರಿಕೆ

• ಅರಿಚಲ್‌ಮುನೈಯಲ್ಲಿ ನೀರಿಗೆ ಇಳಿಯಬೇಡಿ. ಎರಡು ಕಡಲ ನೀರೋಟ ಅಲ್ಲಿ ಡಿಕ್ಕಿ ಹೊಡೆಯುತ್ತದೆ. ಕಾಲ ಕೆಳಗಿನ ಮರಳೇ ಸರಿಯುತ್ತದೆ. ಕೆರೆಯಲ್ಲಿ ಈಜು ಕಲಿತವರ ಧೈರ್ಯ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

• ಆಳವಿಲ್ಲದ ನೀರಿನಲ್ಲಿ ನಡೆಯುವಾಗ ಪಾದ ಎತ್ತಿ ಇಡದೆ ಎಳೆಯುತ್ತಾ ನಡೆಯಿರಿ. ಮರಳಲ್ಲಿ ಹುದುಗಿದ ತಿರಂಡಿ ಮೀನು ಸದ್ದಿಗೆ ಸರಿದುಹೋಗುತ್ತದೆ. ತುಳಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ಚುಚ್ಚಿದರೆ ತಡೆಯುವಷ್ಟು ಬಿಸಿಯ ನೀರಿನಲ್ಲಿ ಕಾಲು ಇಟ್ಟು ಆಸ್ಪತ್ರೆಗೆ ಹೋಗಿ.

• ದೋಣಿಯಲ್ಲಿ ಲೈಫ್ ಜಾಕೆಟ್ ಹಾಕುವುದಷ್ಟೇ ಅಲ್ಲ, ಗುಂಡಿ ಬಿಗಿಯಿರಿ. ಹೊಟ್ಟೆ ತುಂಬ ಇಡ್ಲಿ ತಿಂದು ಹತ್ತಬೇಡಿ, ಪೂರ್ತಿ ಹಸಿದೂ ಹತ್ತಬೇಡಿ. ವಾಕರಿಕೆ ಬಂದರೆ ಮೊಬೈಲು ನೋಡುವುದು ಬಿಟ್ಟು ದೂರದ ದಡ ನೋಡಿ.

• ಕುಡಿಯುವ ನೀರು ಊರಿನಿಂದಲೇ ಕ್ಯಾನಿನಲ್ಲಿ ತನ್ನಿ, ಖಾಲಿ ಬಾಟಲಿ ಗಾಡಿಯಲ್ಲೇ ವಾಪಸ್ ತನ್ನಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲನೆಯದು, "ಅಣ್ಣೇ, ಐನೂರು ಜಾಸ್ತಿ ಕೊಡ್ತೀವಿ, ಆ ದ್ವೀಪಕ್ಕೆ ಬಿಡಿ" ಎಂದು ಮೀನುಗಾರರನ್ನು ಒತ್ತಾಯಿಸುವುದು. ಅನುಮತಿ ಇಲ್ಲದೆ ಉದ್ಯಾನದ ದ್ವೀಪ ಹತ್ತುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಸಿಕ್ಕಿಬಿದ್ದರೆ ನೀವು ದಂಡ ಕಟ್ಟಿ ಸೂಳಗಿರಿಗೆ ಬಂದುಬಿಡುತ್ತೀರಿ, ಅವರ ದೋಣಿ ಮಾತ್ರ ಇಲಾಖೆಯ ವಶದಲ್ಲಿ ಉಳಿಯುತ್ತದೆ. ದೋಣಿ ಇಲ್ಲದ ದಿನ ಅವರ ಮನೆಯಲ್ಲಿ ಒಲೆ ಉರಿಯುವುದು ಕಷ್ಟ.

ಎರಡನೆಯದು ಅಂಗಡಿಯದು. ಹವಳದ ತುಂಡು, ಕಡಲಬೀಸಣಿಗೆ, ಒಣಗಿಸಿದ ಕಡಲಕುದುರೆ, ಕಡಲಸೌತೆ ಇವೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಮಾರುವುದೂ ಕೊಳ್ಳುವುದೂ ತಪ್ಪು. ಕೆಲವು ದೊಡ್ಡ ಚಿಪ್ಪುಗಳೂ ಪಟ್ಟಿಯಲ್ಲಿವೆ. ಪೂಜೆಯ ಶಂಖಕ್ಕೆ ತೊಂದರೆಯಿಲ್ಲ. ಬಲಮುರಿ ಶಂಖ ಕಡಿಮೆ ಬೆಲೆಗೆ ಸಿಕ್ಕಿತೆಂದು ಮಾತ್ರ ಹಿಗ್ಗಬೇಡಿ. ನಿಜವಾದ ಬಲಮುರಿ ಲಕ್ಷಕ್ಕೊಂದು ಎನ್ನುವಷ್ಟು ಅಪರೂಪ. ಆ ಹೆಸರಿನಲ್ಲಿ ಮಾರುವುದರಲ್ಲಿ ಹೆಚ್ಚಿನದು ಹುಟ್ಟಿನಿಂದಲೇ ಆ ಕಡೆ ತಿರುಗಿಕೊಂಡಿರುವ, ಅಮೆರಿಕದ ಕಡಲಿನ ಬೇರೊಂದು ಜಾತಿಯ ಚಿಪ್ಪು. ಅದನ್ನು ದೇವರ ಮನೆಯಲ್ಲಿಟ್ಟು ಕುಂಕುಮ ಹಚ್ಚುವುದು ನಿಮ್ಮಿಷ್ಟ.

ಮತ್ತೆ, ಹರಡಿದ ಬಲೆಯ ಮೇಲೆ ನಡೆಯುವುದು, ದಡಕ್ಕೆಳೆದ ದೋಣಿಗೆ ಚಪ್ಪಲಿ ಹಾಕಿಕೊಂಡೇ ಹತ್ತಿ ಸೆಲ್ಫಿ ತೆಗೆಯುವುದು. ಹೊಲದಲ್ಲಿ ಸಸಿ ತುಳಿದು ನಡೆದವನಿಗೆ ನಾವು ಏನನ್ನುತ್ತೇವೋ ಅದನ್ನೇ ಅವರೂ ಅನ್ನುತ್ತಾರೆ. ಮುಷ್ಕರ, ಲಂಕಾ ಬಂಧನದ ವಿಷಯ ನೀವಾಗಿ ಎತ್ತಬೇಡಿ. ಅವರೇ ಹೇಳಿದರೆ ಕೇಳಿಸಿಕೊಳ್ಳಿ, ಪರಿಹಾರ ಸೂಚಿಸಬೇಡಿ. ಮಗನೋ ಮೈದುನನೋ ಆ ಜೈಲಿನಲ್ಲಿದ್ದಿರಬಹುದು.

ಮೀನು ಊರಿಗೆ ತರುವುದಾದರೆ

ಹರಾಜಿನಲ್ಲಿ ನಿಮಗೆ ಕೊಡುವುದಿಲ್ಲ. ಅಲ್ಲಿಯೇ ಹೊರಗೆ ಕೂತ ಹೆಂಗಸರ ಹತ್ತಿರ ಕೊಳ್ಳಿ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿಂದ ಒತ್ತಿದ ಗುಂಡಿ ತಕ್ಷಣ ಮೇಲೇಳಬೇಕು. ಕರುಳು ತೆಗೆಸಿ, ತೊಳೆಸಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಒಂದು ಪದರ ಪುಡಿಐಸು, ಒಂದು ಪದರ ಮೀನು ಎಂದು ಜೋಡಿಸಿ. ಕಡಿಮೆಯೆಂದರೂ ಮೀನಿನ ತೂಕದಷ್ಟು ಐಸು ಬೇಕು. ಕರಗುತ್ತಿರುವ ಐಸು ಮೀನನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳು ಆ ಚಳಿಯಲ್ಲಿ ಮಂಕಾಗುತ್ತವೆ. ಆದರೆ ಕರಗಿದ ನೀರಿನಲ್ಲಿ ಮೀನು ನೆನೆಯಬಾರದು. ಪೆಟ್ಟಿಗೆಯ ತಳದಲ್ಲಿ ಸಣ್ಣ ತೂತಿರಲಿ, ಕೆಳಗೆ ತಟ್ಟೆಯಿರಲಿ. ಮದುರೆಯಲ್ಲೊಮ್ಮೆ ಮುಚ್ಚಳ ತೆಗೆದು ಐಸು ತುಂಬಿಸಿ.

ಇಷ್ಟೆಲ್ಲ ರಗಳೆ ಬೇಡ ಎನ್ನುವವರು ಒಣಮೀನು ತನ್ನಿ. ನೆತ್ತಲಿಯನ್ನು ಮುರಿದು ನೋಡಿ. ಪಟಕ್ಕನೆ ಮುರಿದರೆ ಚೆನ್ನಾಗಿ ಒಣಗಿದೆ, ಬಗ್ಗಿದರೆ ಬಿಡಿ. ಎರಡು ಪ್ಲಾಸ್ಟಿಕ್ ಕವರು ಹಾಕಿ ಗಂಟು ಬಿಗಿದು, ಗಾಡಿಯ ಒಳಗಿಡದೆ ಡಿಕ್ಕಿಯಲ್ಲಿಡಿ. ಬಸ್ಸಿನವರಾದರೆ ಇನ್ನೊಂದು ಡಬ್ಬಿಯೊಳಗಿಟ್ಟುಕೊಳ್ಳಿ. ಇಲ್ಲದಿದ್ದರೆ ದಿಂಡಿಗಲ್ ದಾಟುವುದರೊಳಗೆ ಕಂಡಕ್ಟರ್ ಎದ್ದು ಬರುತ್ತಾನೆ.